ಮಸಿ ನುಂಗಿದ ಬಿಸಿಲು

ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 2002ರ ಸೆಪ್ಟೆಂಬರ್ ಸಂಚಿಕೆಯೊಂದರಲ್ಲಿ ಕೆಲವೇ ಪುಟಗಳ ಒಂದು ಲೇಖನವಿದೆ. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್. ತಲೆಬರಹವನ್ನು ಕನ್ನಡಕ್ಕೆ ತಂದರೆ ‘ಏಷ್ಯಾದ ಕಂದು ಮೋಡ: ನಿಜವೆಷ್ಟು, ಕಲ್ಪನೆಯೆಷ್ಟು’ ಎಂದಾಗುತ್ತದೆ. ವಿಜ್ಞಾನ ಪತ್ರಿಕೆಗಳ ಸಪ್ಪೆ ಶೀರ್ಷಿಕೆಗಳ ನಡುವೆ ಇದಕ್ಕೆ ಸ್ವಲ್ಪ ಖಾರ ಹೆಚ್ಚು. ಹವಾಮಾನ ವಿಜ್ಞಾನದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಈ ಲೇಖನವನ್ನೂ, ಅದೇ ಪತ್ರಿಕೆಯಲ್ಲಿ ಅದಕ್ಕೆ ಬಂದ ಉತ್ತರವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದೆ. ಮೇಲ್ನೋಟಕ್ಕೆ ಅದು ಮುಂಗಾರಿನ ಬಗ್ಗೆ ನಡೆದ ವಾದ. ವಾದದ ಬುಡದಲ್ಲಿದ್ದದ್ದು ಮಾತ್ರ ಮಸಿ. ಗಾಳಿಯಲ್ಲಿ ತೇಲುವ ಮಸಿ ಬಿಸಿಲನ್ನು ನುಂಗುತ್ತದೆ, ನುಂಗಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ ಎಂಬ ಸಂಗತಿ.

ಕಪ್ಪು ಬಣ್ಣ ಬಿಸಿಲಿಗೆ ಬೇಗ ಕಾಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಹಾಗಿದ್ದೂ ಆಕಾಶದ ಮಸಿಯನ್ನು ಲೆಕ್ಕದ ಪುಸ್ತಕಕ್ಕೆ ಸೇರಿಸಲು ವಿಜ್ಞಾನಕ್ಕೆ ಇಪ್ಪತ್ತನೇ ಶತಮಾನದ ಕೊನೆಯವರೆಗೆ ಯಾಕೆ ಕಾಯಬೇಕಾಯಿತು? ಈ ಬರಹ ಆ ಪ್ರಶ್ನೆಯ ಹಿಂದೆ ಹೋಗುವ ಪ್ರಯತ್ನ.

ಮಸಿ ನಮಗೆ ಹೊಸದಲ್ಲ. ಕನ್ನಡದಲ್ಲಿ ಮಸಿ ಎಂದರೆ ಪಾತ್ರೆಯ ತಳಕ್ಕೆ ಹಿಡಿಯುವುದೂ ಹೌದು, ಬರೆಯುವ ಶಾಯಿಯೂ ಹೌದು. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದದ್ದು ಮಸಿ ಸವರಿದ ಮೇಲೆಯೇ. ದೀಪದ ಕುಡಿಯ ಮೇಲೆ ಹಿಡಿದದ್ದು ಕಾಡಿಗೆಯಾಗಿ ಮಗುವಿನ ಕಣ್ಣಿಗೆ ಹೋಗುತ್ತಿತ್ತು. ಅಡುಗೆಮನೆಯ ತೊಲೆಗಳಿಂದ ಜೇಡರ ಬಲೆಯ ಜೊತೆ ಸೇರಿ ಜೋತುಬೀಳುವ ಮಸಿಗೆ ನಮ್ಮ ಮಲೆನಾಡಿನ ಕಡೆ ಇಲ್ಲಣ ಎನ್ನುತ್ತಾರೆ. ಅಜ್ಜಿ ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಅದನ್ನು ತೆಗೆಸುತ್ತಿದ್ದಳು. ಒಲೆಯಿಂದ ಎದ್ದ ಮಸಿಯಲ್ಲಿ ತೊಲೆಗೆ ಅಂಟಿದ್ದು ಸ್ವಲ್ಪ. ಉಳಿದದ್ದು ಹೆಂಚಿನ ಸಂದಿಯಿಂದ ಹೊರಗೆ ಹೋಯಿತು. ಹೋದದ್ದು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೊದಲು ಮಸಿಯ ಸ್ವಭಾವವನ್ನು ಸ್ವಲ್ಪ ನೋಡೋಣ. ಸೌದೆಯೋ ಡೀಸೆಲ್ಲೋ ಸಾಕಷ್ಟು ಗಾಳಿ ಸಿಗದೆ ಉರಿದಾಗ ಅದರ ಇಂಗಾಲವೆಲ್ಲ ಅನಿಲವಾಗಿ ಹೋಗುವುದಿಲ್ಲ. ಒಂದಿಷ್ಟು ಪುಟ್ಟ ಗುಂಡುಗಳಾಗಿ ಉಳಿಯುತ್ತದೆ. ಒಂದೊಂದು ಗುಂಡು ಕೆಲವು ಹತ್ತು ನ್ಯಾನೊಮೀಟರ್‌ನಷ್ಟು. ತಲೆಗೂದಲಿನ ಅಗಲಕ್ಕೆ ಸಾವಿರಕ್ಕೂ ಹೆಚ್ಚು ಗುಂಡುಗಳನ್ನು ಸಾಲಾಗಿ ಜೋಡಿಸಬಹುದು. ಇವು ಒಂದಕ್ಕೊಂದು ಅಂಟಿಕೊಂಡು, ಕಿತ್ತುಹೋದ ಮಣಿಸರದ ತುಂಡುಗಳ ಹಾಗೆ ಗಾಳಿಯಲ್ಲಿ ತೇಲುತ್ತವೆ. ಗುಂಡಿನೊಳಗೆ ಇಂಗಾಲದ ಪರಮಾಣುಗಳು ಪೆನ್ಸಿಲ್ಲಿನ ಗ್ರಾಫೈಟಿನಲ್ಲಿರುವಂತೆ ಹಾಳೆಹಾಳೆಯಾಗಿ ಕೂತಿರುತ್ತವೆ. ಆ ಹಾಳೆಗಳ ಎಲೆಕ್ಟ್ರಾನುಗಳಲ್ಲಿ ಕೆಲವು ಒಂದೇ ಪರಮಾಣುವಿಗೆ ಕಟ್ಟುಬೀಳದೆ ಹಾಳೆಯುದ್ದಕ್ಕೂ ಓಡಾಡಿಕೊಂಡಿರುತ್ತವೆ. ಸಾಮಾನ್ಯ ಬಣ್ಣದ ಪುಡಿ ಬೆಳಕಿನ ಕೆಲವು ಬಣ್ಣಗಳನ್ನು ಮಾತ್ರ ಹೀರಿ ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಮಸಿಯ ಈ ಅಲೆಮಾರಿ ಎಲೆಕ್ಟ್ರಾನುಗಳಿಗೆ ಆ ಆಯ್ಕೆಯಿಲ್ಲ, ನೀಲಿಯಿಂದ ಕೆಂಪಿನವರೆಗೆ ಸಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳುತ್ತವೆ. ತೆಗೆದುಕೊಂಡ ಬೆಳಕು ಕ್ಷಣಮಾತ್ರದಲ್ಲಿ ಶಾಖವಾಗಿ ಸುತ್ತಲಿನ ಗಾಳಿಗೆ ಹೋಗುತ್ತದೆ.

ಎಷ್ಟು ಹೀರುತ್ತದೆ? ಹೊಸದಾಗಿ ಎದ್ದ ಒಂದು ಗ್ರಾಂ ಮಸಿ ಗಾಳಿಯಲ್ಲಿ ಹರಡಿಕೊಂಡರೆ ಸುಮಾರು ಏಳೂವರೆ ಚದರ ಮೀಟರ್ ಜಾಗದ ಮೇಲೆ ಬೀಳಬೇಕಿದ್ದ ಬೆಳಕಿಗೆ ಸಮನಾದಷ್ಟನ್ನು ನುಂಗಬಲ್ಲದು. ಅಂದರೆ ಸುಮಾರು 80 ಚದರಡಿ. ಬೆಂಗಳೂರಿನ ಪೀಜಿಯಲ್ಲಿ ನನಗೆ ಸಿಕ್ಕಿರುವ ಕೋಣೆ ಹೆಚ್ಚುಕಡಿಮೆ ಅಷ್ಟೇ ಇದೆ. ಒಂದು ಚಿಟಿಕೆ ಮಸಿಗೆ ಅದರ ಬಿಸಿಲೆಲ್ಲ ಒಂದು ತುತ್ತು. ಮೇಲಾಗಿ, ಗಾಳಿಯಲ್ಲಿ ದಿನ ಕಳೆದಂತೆ ಮಸಿಯ ಮೇಲೆ ಸಲ್ಫೇಟ್ ಮುಂತಾದ ಲವಣಗಳ ಲೇಪ ಕೂರುತ್ತದೆ. ಆ ಲೇಪ ಭೂತಗನ್ನಡಿಯಂತೆ ಬೆಳಕನ್ನು ಒಳಗಿನ ಮಸಿಯ ಕಡೆಗೆ ಬಾಗಿಸುತ್ತದೆ. ಹಾಗಾಗಿ ಹಳೆಯ ಮಸಿ ಹೊಸದಕ್ಕಿಂತ ಹೆಚ್ಚು ನುಂಗುತ್ತದೆ.

ಚರಿತ್ರೆಯ ವಿಚಿತ್ರವೆಂದರೆ, ಮಸಿಯ ಈ ಹಸಿವನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಬೆಂಜಮಿನ್ ಫ್ರಾಂಕ್ಲಿನ್ 1761ರ ಒಂದು ಪತ್ರದಲ್ಲಿ ತನ್ನ ಸಣ್ಣ ಪ್ರಯೋಗವೊಂದನ್ನು ವಿವರಿಸುತ್ತಾನೆ. ದರ್ಜಿಯ ಮಾದರಿ ಪಟ್ಟಿಯಿಂದ ಬೇರೆಬೇರೆ ಬಣ್ಣದ ಬಟ್ಟೆಯ ಚೂರುಗಳನ್ನು ತೆಗೆದು, ಬಿಸಿಲಿರುವ ಬೆಳಗ್ಗೆ ಹಿಮದ ಮೇಲೆ ಹಾಸಿದ. ಕೆಲವು ಗಂಟೆಗಳಲ್ಲಿ ಕಪ್ಪು ಚೂರು ಹಿಮವನ್ನು ಕರಗಿಸಿಕೊಂಡು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿಯದು ಮೇಲೆಯೇ ಇತ್ತು. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1804ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬಿಸಿನೀರು ತುಂಬಿದ ಲೋಹದ ಪೆಟ್ಟಿಗೆಯ ಒಂದು ಮುಖಕ್ಕೆ ದೀಪದ ಮಸಿ ಬಳಿದು ಯಾವ ಮುಖದಿಂದ ಹೆಚ್ಚು ಶಾಖ ಹೊರಡುತ್ತದೆಂದು ನೋಡಿದ. ಗೆದ್ದದ್ದು ಮಸಿಯ ಮುಖ. ಅಲ್ಲಿಂದ ಮುಂದೆ ಶಾಖ ಅಳೆಯುವವರಿಗೆಲ್ಲ ದೀಪದ ಮಸಿ ಬೇಕೇಬೇಕಾಯಿತು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ತನ್ನ ಬೋಲೋಮೀಟರಿನ ತೆಳುವಾದ ಪ್ಲಾಟಿನಂ ಪಟ್ಟಿಗೆ ಹಚ್ಚಿದ್ದೂ ಅದನ್ನೇ. 1881ರಲ್ಲಿ ಆತ ಆ ಉಪಕರಣ ಹೊತ್ತು ಕ್ಯಾಲಿಫೋರ್ನಿಯದ ವಿಟ್ನಿ ಪರ್ವತಕ್ಕೆ ಹೋದದ್ದು ವಾತಾವರಣ ಎಷ್ಟು ಬಿಸಿಲನ್ನು ನುಂಗುತ್ತದೆ ಎಂದು ತಿಳಿಯಲು. ಬಿಸಿಲನ್ನು ಪೂರ್ತಿ ಹಿಡಿಯಬೇಕೆಂದು ಉಪಕರಣಕ್ಕೆ ಮಸಿ ಬಳಿದ ವಿಜ್ಞಾನ, ಆಕಾಶದಲ್ಲೇ ತೇಲುತ್ತಿದ್ದ ಮಸಿಯೂ ಅದೇ ಕೆಲಸ ಮಾಡುತ್ತಿದೆಯೇ ಎಂದು ಕೇಳುವುದಕ್ಕೆ ಇನ್ನೂ ಬಹಳ ಕಾಲವಿತ್ತು.

ಆಕಾಶದ ಮಸಿಯ ಬಗ್ಗೆ ಮಾತು ನಡೆದಿರಲಿಲ್ಲ ಎಂದಲ್ಲ. ಜಾನ್ ಈವ್ಲಿನ್ 1661ರಲ್ಲೇ ಲಂಡನ್ನಿನ ಕಲ್ಲಿದ್ದಲ ಹೊಗೆಯ ಮೇಲೆ ಪುಸ್ತಿಕೆ ಬರೆದು ದೊರೆಗೆ ಅರ್ಪಿಸಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ರಿಂಗಲ್ಮನ್ ಚಿಮಣಿಯ ಹೊಗೆ ಎಷ್ಟು ಕಪ್ಪು ಎಂದು ಹೋಲಿಸಿ ನೋಡುವ ಒಂದು ಪಟ್ಟಿಯನ್ನೇ ಮಾಡಿದ. 1905ರಲ್ಲಿ ಬಂಗಾಳದಲ್ಲಿ ಹೊಗೆ ಉಪದ್ರವ ಕಾಯಿದೆ ಬಂತು. ಅದರ ಕಣ್ಣಿದ್ದದ್ದು ಮುಖ್ಯವಾಗಿ ಕಲ್ಕತ್ತಾ ಸುತ್ತಲಿನ ಕುಲುಮೆ, ಬಾಯ್ಲರುಗಳ ಮೇಲೆ. ನೇಪಿಯರ್ ಶಾ ಮತ್ತು ಓವೆನ್ಸ್ 1925ರಲ್ಲಿ ಮಹಾನಗರಗಳ ಹೊಗೆಯ ಸಮಸ್ಯೆಯ ಕುರಿತು ಪುಸ್ತಕ ತಂದರು. ಊರಿನ ಮಧ್ಯದಲ್ಲಿ ಬಿಸಿಲು ಕಡಿಮೆ, ಹೊರವಲಯದಲ್ಲಿ ಹೆಚ್ಚು ಎಂಬುದು ಆಗಲೇ ಗೊತ್ತಿತ್ತು. ಆದರೆ ಇವರೆಲ್ಲರ ದೃಷ್ಟಿ ನೆಲದ ಮೇಲಿತ್ತು. ಹೊಗೆ ಬಟ್ಟೆ ಕೆಡಿಸುತ್ತದೆ, ಶ್ವಾಸಕೋಶ ಕೆಡಿಸುತ್ತದೆ, ಬಿಸಿಲಿಗೆ ಅಡ್ಡ ನಿಲ್ಲುತ್ತದೆ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಕತ್ತಲೆಯನ್ನು ನಷ್ಟವೆಂದು ಬರೆದುಕೊಂಡರು. ನಷ್ಟವಾದ ಬಿಸಿಲು ಯಾರ ಖಾತೆಗೆ ಜಮೆಯಾಯಿತು ಎಂಬ ಪ್ರಶ್ನೆ ಬರಲಿಲ್ಲ. ನನಗೆ ಇದು ಅಜ್ಞಾನ ಅನ್ನಿಸುವುದಿಲ್ಲ. ಹೊಗೆ ಆಗ ನಗರಸಭೆಯ ವಿಷಯವಾಗಿತ್ತು, ಹವಾಮಾನದ ವಿಷಯವಾಗಿರಲಿಲ್ಲ. ಒಂದು ಇಲಾಖೆಯ ಕಡತ ಇನ್ನೊಂದು ಇಲಾಖೆಗೆ ಹೋಗಲು ನಮ್ಮಲ್ಲಿ ಎಷ್ಟು ವರ್ಷ ಬೇಕೋ ಅಲ್ಲಿಯೂ ಅಷ್ಟೇ ಬೇಕಾಯಿತು.

ಕಡತ ಇಲಾಖೆ ದಾಟಿದ್ದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಲಾರೆನ್ಸ್ ಪ್ರಯೋಗಾಲಯದ ಟಿಹೋಮಿರ್ ನೊವಾಕೊವ್ ಮತ್ತು ಸಂಗಡಿಗರು ನಗರದ ಗಾಳಿಯನ್ನು ಸೋಸುಕಾಗದದ ಮೂಲಕ ಎಳೆದು, ಕಾಗದ ಯಾಕೆ ಕಪ್ಪಾಗುತ್ತದೆ ಎಂದು ಹುಡುಕಲು ಕೂತರು. ಅದು ಗ್ರಾಫೈಟಿನಂಥ ಇಂಗಾಲ, ಅಂದರೆ ಹಳೆಯ ಮಸಿಯೇ, ಎಂದು ರಾಮನ್ ರೋಹಿತದ ಸಹಾಯದಿಂದ ತೋರಿಸಿದರು. ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ನರ ಹೆಸರು ಈ ಕಥೆಯಲ್ಲಿ ಹೀಗೊಂದು ಪಕ್ಕದ ಬಾಗಿಲಿನಿಂದ ಬರುತ್ತದೆ. ‘ಕಪ್ಪು ಇಂಗಾಲ’ ಎಂಬ ಹೆಸರು ವಿಜ್ಞಾನದಲ್ಲಿ ನೆಲೆಯೂರಿದ್ದೂ ಈ ಗುಂಪಿನಿಂದ. ಅದೇ ಗುಂಪು 1981ರಲ್ಲಿ ಉತ್ತರ ಧ್ರುವ ಪ್ರದೇಶದ ಗಾಳಿಯಲ್ಲೂ ಮಸಿಯಿದೆ ಎಂದು ವರದಿ ಮಾಡಿತು. ಚಿಮಣಿಯೇ ಇಲ್ಲದ ಕಡೆ ಮಸಿ! ಊರಿನ ಹೊಗೆ ಊರಲ್ಲೇ ಕೂರುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಆ ಗುಂಪಿನ ಆಂಥೊನಿ ಹ್ಯಾನ್ಸನ್ ಮತ್ತು ಜೊತೆಯವರು ಏಥಲೋಮೀಟರ್ ಎಂಬ ಉಪಕರಣದ ಬಗ್ಗೆ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆಸರಿನ ಮೂಲ, ಮಸಿ ಹಿಡಿಸುವುದು ಎಂಬರ್ಥದ ಗ್ರೀಕ್ ಪದ. ಕೆಲಸ ಸರಳ: ಗಾಳಿಯನ್ನು ಸೋಸುವ ಪಟ್ಟಿಯ ಒಂದು ಕಡೆಯಿಂದ ಬೆಳಕು ಬಿಟ್ಟು, ಪಟ್ಟಿ ಕಪ್ಪಾಗುತ್ತ ಹೋದಂತೆ ಇನ್ನೊಂದು ಕಡೆಗೆ ಎಷ್ಟು ಕಡಿಮೆ ಬೆಳಕು ಬರುತ್ತದೆ ಎಂದು ನೋಡುವುದು. ಮಸಿಯನ್ನು ತೂಗುವುದಲ್ಲ, ಅದು ತಡೆದ ಬೆಳಕನ್ನು ಅಳೆಯುವುದು.

ಇದೇ ಹೊತ್ತಿಗೆ ಮಸಿ ಬೇರೊಂದು ಭಯಂಕರ ದಾರಿಯಿಂದಲೂ ಬಂತು. 1982ರಲ್ಲಿ ಪಾಲ್ ಕ್ರುಟ್ಸನ್ ಮತ್ತು ಜಾನ್ ಬರ್ಕ್ಸ್ ಅಣುಯುದ್ಧವಾದರೆ ಹೊತ್ತಿ ಉರಿಯುವ ಕಾಡು ಮತ್ತು ನಗರಗಳ ಹೊಗೆ ನಡುಹಗಲಲ್ಲೇ ಮುಸ್ಸಂಜೆ ತರಬಹುದು ಎಂದು ಬರೆದರು. ಮರುವರ್ಷ ಕಾರ್ಲ್ ಸೇಗನ್ ಮತ್ತಿತರರು ಅದನ್ನೇ ‘ಅಣು ಚಳಿಗಾಲ’ವೆಂದು ಬೆಳೆಸಿದರು. ಅವರ ಲೆಕ್ಕದ ತಿರುಳಲ್ಲೂ ಇದ್ದದ್ದು ಇದೇ: ಬಿಸಿಲು ಮೇಲಿನ ಮಸಿಯಲ್ಲಿ ನಿಂತುಬಿಡುತ್ತದೆ, ಮೇಲಿನ ಗಾಳಿ ಕಾಯುತ್ತದೆ, ಕೆಳಗೆ ನೆಲ ತಣ್ಣಗಾಗುತ್ತದೆ. 1991ರಲ್ಲಿ ಕುವೈತಿನ ತೈಲಬಾವಿಗಳು ತಿಂಗಳುಗಟ್ಟಲೆ ಉರಿದಾಗ ಆ ಹೊಗೆ ಅಷ್ಟು ಎತ್ತರಕ್ಕೆ ಏರಲಿಲ್ಲ, ಪರಿಣಾಮ ಆ ಪ್ರದೇಶಕ್ಕೆ ಸೀಮಿತವಾಯಿತು. ಭೀತಿ ತಣ್ಣಗಾಯಿತು. ಕ್ರುಟ್ಸನ್ ಮಾತ್ರ ಮಸಿಯನ್ನು ಬಿಡಲಿಲ್ಲ.

1999ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಹಿಂದೂ ಮಹಾಸಾಗರ ಪ್ರಯೋಗದ ಮುಂದಾಳುಗಳು ಅದೇ ಕ್ರುಟ್ಸನ್ ಮತ್ತು ವಿ. ರಾಮನಾಥನ್. ರಾಮನಾಥನ್ ತಮಿಳುನಾಡಿನವರು, ಅಮೆರಿಕಕ್ಕೆ ಹೋಗುವ ಮುನ್ನ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ರೆಫ್ರಿಜರೇಟರಿನ ಸಿಎಫ್‌ಸಿ ಅನಿಲವೂ ಭೂಮಿಯನ್ನು ಬಿಸಿ ಮಾಡುತ್ತದೆಂದು 1975ರಲ್ಲಿ ತೋರಿಸಿದವರು. ಭಾರತದ ಕಡೆಯಿಂದ ಎ.ಪಿ. ಮಿತ್ರ ಮುಂದೆ ನಿಂತರು. ‘ಸಾಗರ ಕನ್ಯಾ’ ಮತ್ತಿತರ ಹಡಗುಗಳು, ವಿಮಾನಗಳು, ಉಪಗ್ರಹ, ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲಿ ಒಂದು ವೀಕ್ಷಣಾಲಯ. ಚಳಿಗಾಲದಲ್ಲಿ ಗಾಳಿ ನಮ್ಮ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಕಡಲ ಮೇಲಿನ ಗಾಳಿ ತಿಳಿಯಾಗಿರಬೇಕು ಎಂದುಕೊಳ್ಳುವ ಜಾಗದಲ್ಲಿ ಕಂದು ಬಣ್ಣದ ಮಬ್ಬು ಹಾಸಿಕೊಂಡಿತ್ತು.

ಆ ಪ್ರಯೋಗದಿಂದ ಹೊರಬಂದ ಒಂದು ಪ್ರಬಂಧವನ್ನು ನಾನು ಈ ಇಡೀ ಚರಿತ್ರೆಯ ನಡುಗಂಬ ಎಂದುಕೊಂಡಿದ್ದೇನೆ. 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಎಸ್.ಕೆ. ಸತೀಶ್ ಮತ್ತು ರಾಮನಾಥನ್. ಸತೀಶ್ ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ಅವರು ಮಾಡಿದ್ದು ಎರಡು ಕಡೆ ಲೆಕ್ಕ ಹಿಡಿಯುವುದು. ಮಬ್ಬಿನಿಂದಾಗಿ ಸಮುದ್ರದ ಮೇಲ್ಮೈಗೆ ಎಷ್ಟು ಬಿಸಿಲು ಕಡಿಮೆ ಬಿತ್ತು? ಅದೇ ಮಬ್ಬಿನಿಂದಾಗಿ ವಾತಾವರಣದ ನೆತ್ತಿಯಿಂದ ಎಷ್ಟು ಬಿಸಿಲು ಹೆಚ್ಚಾಗಿ ಬಾಹ್ಯಾಕಾಶಕ್ಕೆ ಮರಳಿತು? ಉಪ್ಪು, ಸಲ್ಫೇಟ್‌ಗಳಂಥ ಬಿಳಿ ಕಣಗಳು ಮಾತ್ರ ಇದ್ದಿದ್ದರೆ ಎರಡೂ ಹೆಚ್ಚುಕಡಿಮೆ ಸರಿಹೋಗಬೇಕಿತ್ತು. ಕೆಳಗೆ ಬಾರದ್ದು ಮೇಲೆ ಹೋಯಿತು, ಅಷ್ಟೇ. ಆದರೆ ಕೆಳಗಿನ ನಷ್ಟ ಮೇಲೆ ಮರಳಿದ್ದರ ಮೂರು ಪಟ್ಟಿನಷ್ಟಿತ್ತು. ನಡುವಿನ ವ್ಯತ್ಯಾಸ ಗಾಳಿಯಲ್ಲೇ ಉಳಿದಿತ್ತು. ಮಬ್ಬಿನಲ್ಲಿ ಮಸಿಯ ತೂಕ ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ವ್ಯತ್ಯಾಸದ ಬಹುಪಾಲು ಅದರದ್ದು. ಲಂಡನ್ನಿನವರು ಬರೀ ನಷ್ಟವೆಂದು ಬರೆದಿಟ್ಟಿದ್ದ ಬಿಸಿಲಿನ ಜಮಾಖಾತೆ ಹೀಗೆ ಸಿಕ್ಕಿತು.

ಬೆಂಗಳೂರಿನ ಲೆಕ್ಕವೂ ಬೇಗನೆ ಬಂತು. 2002ರಲ್ಲಿ ಸುರೇಶ್ ಬಾಬು, ಸತೀಶ್ ಮತ್ತು ಕೃಷ್ಣಮೂರ್ತಿ ಪ್ರಕಟಿಸಿದ ಅಳತೆಗಳ ಪ್ರಕಾರ ನಮ್ಮ ನಗರದ ಗಾಳಿಯ ಕಣಗಳ ತೂಕದಲ್ಲಿ ಶೇ. 11ರಷ್ಟು ಮಸಿಯೇ ಇತ್ತು. ಗಾಳಿ ತುಸು ಶುಭ್ರವಾಗಿದ್ದ ದಿನಗಳಲ್ಲೂ ನೆಲಕ್ಕೆ ಬೀಳುವ ಬಿಸಿಲು ಚದರ ಮೀಟರಿಗೆ 23 ವ್ಯಾಟ್‌ನಷ್ಟು ಕಡಿಮೆಯಾಗಿತ್ತು. ನೆತ್ತಿಯಲ್ಲಿ ಅಳೆದರೆ ಬಾಹ್ಯಾಕಾಶಕ್ಕೆ ಮರಳುವುದು ಹೆಚ್ಚಾಗುವ ಬದಲು 5 ವ್ಯಾಟ್ ಕಡಿಮೆಯಾಗಿತ್ತು. ಎರಡನ್ನೂ ಕೂಡಿಸಿದರೆ 28 ವ್ಯಾಟ್ ನಮ್ಮ ತಲೆಯ ಮೇಲಿನ ಗಾಳಿಯೊಳಗೆ. ಉದ್ಯಾನ ನಗರಿ ಎಂದು ಇನ್ನೂ ಹೇಳಿಕೊಳ್ಳುತ್ತಿದ್ದ ಕಾಲದ ಮಾತಿದು.

ಇನ್ನು ವಾದಕ್ಕೆ ಬರೋಣ. 2002ರ ಆಗಸ್ಟ್‌ನಲ್ಲಿ, ಜೊಹಾನ್ಸ್‌ಬರ್ಗ್ ಭೂಶೃಂಗಸಭೆಗೆ ಕೆಲವೇ ದಿನ ಮುಂಚೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ‘ಏಷ್ಯಾದ ಕಂದು ಮೋಡ’ ಎಂಬ ವರದಿ ಹೊರತಂದಿತು. ಮೂರು ಕಿಲೋಮೀಟರ್ ದಪ್ಪದ ಮೋಡ, ಬಿಸಿಲಲ್ಲಿ ಶೇ. 10ರಿಂದ 15ರಷ್ಟು ಕಡಿತ, ಮಳೆಯ ಏರುಪೇರು ಎಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಇದಕ್ಕೆ ಉತ್ತರವಾಗಿಯೇ ಶ್ರೀನಿವಾಸನ್ ಮತ್ತು ಗಾಡ್ಗೀಳ್ ಬರೆದದ್ದು. ಮಬ್ಬು ಇರುವುದನ್ನಾಗಲಿ, ಮಸಿ ಹೀರುವುದನ್ನಾಗಲಿ ಅವರು ಅಲ್ಲಗಳೆಯಲಿಲ್ಲ. ಈ ಮಬ್ಬು ದಟ್ಟವಾಗಿರುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಅದರಿಂದ ಮುಂಗಾರು ಹೀಗಾಗುತ್ತದೆ ಎಂದು ಮಾದರಿಗಳನ್ನು ನಂಬಿ ಹೇಳುವುದು ಅವಸರ. ಇಂಥ ಮಬ್ಬು ಬೇರೆ ಖಂಡಗಳಲ್ಲೂ ಇರುವಾಗ ಏಷ್ಯಾದ ಹೆಸರನ್ನೇ ಯಾಕೆ ಇಡಬೇಕು ಎಂಬುದು ಅವರ ಆಕ್ಷೇಪ. ರಾಮನಾಥನ್, ಕ್ರುಟ್ಸನ್, ಮಿತ್ರ ಮತ್ತು ಸಿಕ್ಕಾ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ಕೊನೆಗೆ ಹೆಸರು ಬದಲಾಗಿ ಏಷ್ಯಾ ಹೋಗಿ ‘ವಾತಾವರಣದ ಕಂದು ಮೋಡ’ವಾಯಿತು.

ಹೆಸರಿಗೆ ಇಷ್ಟು ಗುದ್ದಾಟ ಯಾಕೆ ಎಂದು ಕೇಳುವವರು ಹಿಂದಿನ ಹತ್ತು ವರ್ಷಗಳನ್ನು ನೆನೆಯಬೇಕು. 1991ರಲ್ಲಿ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್, ಬಡವರು ಬದುಕಲು ಬಿಡುವ ಹೊಗೆಯನ್ನೂ ಶ್ರೀಮಂತರು ಸುಖಕ್ಕೆ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ವಾದಿಸಿದ್ದರು. ಅಲ್ಲಿಯವರೆಗೆ ಹವಾಮಾನದ ಆರೋಪಿ ಇಂಗಾಲದ ಡೈಆಕ್ಸೈಡ್, ಅದರ ಹಳೆಯ ಸಾಲ ಯುರೋಪು ಮತ್ತು ಅಮೆರಿಕದ್ದು. ಈಗ ಇದ್ದಕ್ಕಿದ್ದಂತೆ ಸಗಣಿ ಬೆರಣಿಯ ಒಲೆಯ ಮುಂದೆ ಕೂತ ಹೆಂಗಸು ಕಟಕಟೆಗೆ ಬಂದಳು. ಇನ್ನೂರು ವರ್ಷ ಕಲ್ಲಿದ್ದಲು ಉರಿಸಿದವರು ಹೇಳುವ ಮಾತು ಇದಾದಾಗ ನಮ್ಮ ಗಾದೆ ನೆನಪಾಗದಿರುವುದಿಲ್ಲ: ಮಸಿಗೆ ಇದ್ದಲು ಬುದ್ಧಿ ಹೇಳಿತು. ಆದರೂ ಗಾದೆ ಹೇಳಿ ಎದ್ದುಹೋಗಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅಳತೆ ಸುಳ್ಳಲ್ಲ. 2009ರಲ್ಲಿ ಗುಸ್ತಾಫ್ಸನ್ ಮತ್ತು ಜೊತೆಯವರು ಮಾಲ್ಡೀವ್ಸ್‌ನಲ್ಲೂ ಪುಣೆ ಹತ್ತಿರದ ಸಿಂಹಗಡದಲ್ಲೂ ಮಸಿ ಸಂಗ್ರಹಿಸಿ, ಅದರಲ್ಲಿನ ವಿಕಿರಣಶೀಲ ಇಂಗಾಲ-14 ಅನ್ನು ನೋಡಿದರು. ಕೋಟ್ಯಂತರ ವರ್ಷ ನೆಲದಡಿಯಿದ್ದ ಕಲ್ಲಿದ್ದಲು, ಡೀಸೆಲ್‌ಗಳಲ್ಲಿ ಅದು ಪೂರ್ತಿ ಸವೆದುಹೋಗಿರುತ್ತದೆ. ನಿನ್ನೆಮೊನ್ನೆ ಕಡಿದ ಸೌದೆಯಲ್ಲಿ ಇರುತ್ತದೆ. ಅಳೆಯುವ ವಿಧಾನಕ್ಕೆ ತಕ್ಕಂತೆ, ಮಸಿಯ ಅರ್ಧದಷ್ಟರಿಂದ ಮೂರನೇ ಎರಡರಷ್ಟು ಸೌದೆ, ಬೆರಣಿ, ಹೊಲದ ಕೂಳೆಗಳಂಥ ಜೀವಮೂಲದಿಂದ ಬಂದಿತ್ತು. ಒಲೆಯದ್ದೆಷ್ಟು ಹೊಲದ್ದೆಷ್ಟು ಎಂದು ಇಂಗಾಲ-14 ಬಿಡಿಸಿ ಹೇಳಲಾರದು.

ಹಾಗೆಂದು ಮಸಿಯೊಂದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆಯೇ? ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ, ಮಸಿ ಒಂದು ವಾರದ ಆಸುಪಾಸಿನಲ್ಲಿ ಮಳೆಯೊಂದಿಗೆ ಇಳಿದುಹೋಗುತ್ತದೆ. ಹಾಗಾಗಿ ಇಂದು ನಿಲ್ಲಿಸಿದರೆ ಫಲ ಬೇಗ ಎಂಬ ಆಸೆ ಸಹಜ. 2013ರ ಒಂದು ದೊಡ್ಡ ಸಮೀಕ್ಷೆ ಬಿಸಿಯೇರಿಸುವುದರಲ್ಲಿ ಮಸಿಗೆ ಡೈಆಕ್ಸೈಡ್ ನಂತರದ ಸ್ಥಾನ ಕೊಟ್ಟಿತು. 2021ರ ಐಪಿಸಿಸಿ ವರದಿ ಆ ಅಂದಾಜನ್ನು ಬಹಳ ಕೆಳಗಿಳಿಸಿತು. ಮಸಿ ಗಾಳಿಯನ್ನು ಕಾಯಿಸಿದಾಗ ಮೋಡಗಳು ಕರಗುವುದೂ ಉಂಟು, ಬೇರೆ ರೀತಿಯಲ್ಲಿ ಹೊಂದಿಕೊಳ್ಳುವುದೂ ಉಂಟು. ಅವುಗಳ ಲೆಕ್ಕ ಕೂಡಿಸಿ ಕಳೆದಾಗ ಮೊತ್ತ ಜಾರುತ್ತದೆ. ಮುಂಗಾರಿನ ಮಾತೂ ಹಾಗೆಯೇ. ಸಮುದ್ರ ತಣ್ಣಗಾಗಿ ಮಳೆ ಸೊರಗುತ್ತದೆ ಎಂದು ರಾಮನಾಥನ್ ಗುಂಪು ಹೇಳಿದರೆ, ಹಿಮಾಲಯದ ಬುಡದಲ್ಲಿ ಕಾದ ಗಾಳಿ ಮೇಲೆದ್ದು ಮುಂಗಾರನ್ನು ಬೇಗ ಎಳೆಯುತ್ತದೆ ಎಂದು ವಿಲಿಯಂ ಲಾ ಮತ್ತಿತರರು 2006ರಲ್ಲಿ ಹೇಳಿದರು. ಶ್ರೀನಿವಾಸನ್ ಮತ್ತು ಗಾಡ್ಗೀಳ್ ತೋರಿದ ಹುಷಾರಿಗೆ ಇಪ್ಪತ್ತು ವರ್ಷದ ನಂತರವೂ ಬೆಲೆ ಇಳಿದಿಲ್ಲ ಎಂದೇ ನನ್ನ ಅನಿಸಿಕೆ. ಹೀರುವಿಕೆಯ ವಿಷಯದಲ್ಲಿ ಮಾತ್ರ ಅನುಮಾನ ಉಳಿಯಲಿಲ್ಲ. 2006ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್‌ನ ಹನಿಮಾಧೂದಿಂದ ಮೂರು ಪುಟ್ಟ ಪೈಲಟ್‌ರಹಿತ ವಿಮಾನಗಳನ್ನು ಒಂದರ ಮೇಲೊಂದು ಬರುವಂತೆ ಹಾರಿಸಿ, ಮಬ್ಬಿನ ಮೇಲೆ, ಒಳಗೆ, ಕೆಳಗೆ ಏಕಕಾಲಕ್ಕೆ ಬಿಸಿಲನ್ನು ಅಳೆದರು. ಮಬ್ಬಿನಿಂದ ಆ ಪದರದ ಗಾಳಿ ಬಿಸಿಲಿಗೆ ಕಾಯುವುದು ಸುಮಾರು ಶೇ. 50ರಷ್ಟು ಹೆಚ್ಚಿತ್ತು.

ಒಲೆಯ ವಿಷಯಕ್ಕೆ ಬಂದರೆ ನಮ್ಮ ನಾಡಿನಲ್ಲೇ ಇನ್ನೊಂದು ಕಡತವಿದೆ. ಎ.ಕೆ.ಎನ್. ರೆಡ್ಡಿಯವರು ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭಿಸಿದ ಅಸ್ತ್ರ ಎಂಬ ಕೇಂದ್ರದವರು ತುಮಕೂರು ಜಿಲ್ಲೆಯ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಬಳಕೆಯನ್ನು ಲೆಕ್ಕ ಹಾಕಿದರು. ಸೌದೆ ಎಷ್ಟು, ಅದನ್ನು ತರಲು ಹೆಂಗಸರು ಮಕ್ಕಳು ಕಳೆಯುವ ಗಂಟೆಗಳೆಷ್ಟು, ನೀರು ಹೊರಲು ಎಷ್ಟು, ಅಡುಗೆಗೆ ಎಷ್ಟು. ಹಳ್ಳಿಯ ಶಕ್ತಿಯಲ್ಲಿ ದೊಡ್ಡ ಪಾಲು ಸೌದೆಯದ್ದು, ಅದರಲ್ಲಿ ದೊಡ್ಡ ಪಾಲು ಅಡುಗೆಯದ್ದು ಎಂದು ಅದರಿಂದ ತಿಳಿಯಿತು. ಆ ಕೆಲಸದ ಬೆನ್ನಿಗೇ ಅಸ್ತ್ರ ಒಲೆ ಬಂತು: ಸಾಲಾಗಿ ಮೂರು ಪಾತ್ರೆ ಕೂರುವ, ಸೌದೆ ಉಳಿಸುವ, ಹೊಗೆಕೊಳವೆಯಿರುವ ಮಣ್ಣಿನ ಒಲೆ. ಎಂಬತ್ತರ ದಶಕದಲ್ಲಿ ಅದು ಕರ್ನಾಟಕದ ಎಷ್ಟೋ ಅಡುಗೆಮನೆಗಳಿಗೆ ಹೋಯಿತು. ಹೆಂಗಸರ ಕಣ್ಣಿನಿಂದ ಹೊಗೆ ದೂರವಾಯಿತು. ಆಕಾಶದ ಕಡೆಯಿಂದ ನೋಡಿದರೆ, ಕೊಳವೆ ಅದೇ ಹೊಗೆಯನ್ನು ತೊಲೆಗೆ ಅಂಟಲು ಬಿಡದೆ ನೇರ ಮೇಲಕ್ಕೆ ಕಳಿಸಿತು. ಕಡಿಮೆ ಸೌದೆ ಉರಿದಷ್ಟು ಮಾತ್ರ ಮಸಿಗೆ ಕಡಿವಾಣ. 1982ರಲ್ಲಿ ಪ್ರಕಟವಾದ ಆ ಆರು ಹಳ್ಳಿಗಳ ಸಮೀಕ್ಷೆಯಲ್ಲಿ ಮಸಿ ತಡೆದ ಬೆಳಕಿನ ಲೆಕ್ಕವನ್ನು ಹುಡುಕುವುದು ನ್ಯಾಯವಲ್ಲ. ಏಥಲೋಮೀಟರ್ ಕುರಿತ ಪ್ರಬಂಧ ಬರಲು ಇನ್ನೂ ಎರಡು ವರ್ಷವಿತ್ತು, ಮತ್ತು ಸೌದೆ ಹೊರುತ್ತಿದ್ದವರ ಗಂಟೆಗಳನ್ನು ಅದಕ್ಕೂ ಮುಂಚೆ ಎಣಿಸಬೇಕಾಗಿತ್ತು.